ತಕ್ಕಡಿಯ ಮೇಲೆ ಕಳಚಿದ ಕಿರೀಟ

ಅಂಗಡಿಯ ಐವತ್ತು ಕಿಲೋ ಅಕ್ಕಿಮೂಟೆಯನ್ನು ನೆನೆಯಿರಿ. ಮುಷ್ಟಿಯುದ್ಧದ ‘ಫ್ಲೈವೇಟ್’ ವರ್ಗದ ಪಟು ಅದಕ್ಕಿಂತ ಒಂದು ಕಿಲೋ ಕೂಡ ಹೆಚ್ಚು ತೂಗುವಂತಿಲ್ಲ. 112 ಪೌಂಡ್ ಅವನ ಮಿತಿ. ಎರಡು ಮಹಾಯುದ್ಧಗಳ ನಡುವೆ ಈ ವರ್ಗದಲ್ಲಿ ಮೆರೆದ ಬೆನ್ನಿ ಲಿಂಚ್, ಸ್ಕಾಟ್ಲೆಂಡಿನ ಪ್ರಪ್ರಥಮ ವಿಶ್ವ ಚಾಂಪಿಯನ್.

1913ರಲ್ಲಿ ಗ್ಲಾಸ್ಗೋ ನಗರದ ಗೋರ್ಬಲ್ಸ್ ಎಂಬ ಬಡವರ ಕೇರಿಯಲ್ಲಿ, ಐರಿಷ್ ಮೂಲದ ಕೆಥೊಲಿಕ್ ಕುಟುಂಬದಲ್ಲಿ ಅವನ ಜನನ. ಜಾತ್ರೆಯ ಡೇರೆಗಳಲ್ಲಿ ಕಾಸಿಗಾಗಿ ಗುದ್ದಾಡುತ್ತಲೇ ಕಲಿತ ವಿದ್ಯೆ ಅವನದು. 1935ರ ಸೆಪ್ಟೆಂಬರ್ 9ರಂದು ಮ್ಯಾಂಚೆಸ್ಟರಿನಲ್ಲಿ ಚಾಂಪಿಯನ್ ಜಾಕಿ ಬ್ರೌನನನ್ನು ಮತ್ತೆ ಮತ್ತೆ ನೆಲಕ್ಕುರುಳಿಸಿ, ಎರಡನೆಯ ಸುತ್ತಿನಲ್ಲಿಯೇ ಪಂದ್ಯ ಮುಗಿಸಿದಾಗ ಅವನಿಗೆ ಕೇವಲ 22 ವರ್ಷ. 1937ರ ಜನವರಿಯಲ್ಲಿ ಫಿಲಿಪ್ಪೀನ್ಸಿನ ಸ್ಮಾಲ್ ಮೊಂಟಾನಾನನ್ನು ಸೋಲಿಸಿ ನಿರ್ವಿವಾದ ಚಾಂಪಿಯನ್ ಆದನು. ಅದೇ ಅಕ್ಟೋಬರಿನಲ್ಲಿ ತನ್ನೂರಿನ ಮೈದಾನದಲ್ಲಿ, ಸುಮಾರು 40,000 ಜನರೆದುರು, ಪೀಟರ್ ಕೇನ್‌ನನ್ನು ಹದಿಮೂರನೆಯ ಸುತ್ತಿನಲ್ಲಿ ಕೆಡವಿದನು.

ಆ ವೇಳೆಗಾಗಲೇ ಮದ್ಯ ಅವನನ್ನು ಹಿಡಿದಿತ್ತು. ಗೆದ್ದವನಿಗೆ ಕುಡಿಸಲು ಊರೆಲ್ಲ ಸ್ನೇಹಿತರೇ. (ರೋಸಿನ ರಾತ್ರಿ ಒಲ್ಲೆನೆಂದವನ ಕೈಗೂ ಲೋಟ ತುರುಕುವ ನಮಗೆ ಇದನ್ನು ವಿವರಿಸಬೇಕಿಲ್ಲ.) 1938ರ ಜೂನ್‌ನಲ್ಲಿ ಅಮೆರಿಕದ ಜಾಕಿ ಜೂರಿಚ್‌ನೊಡನೆ ಸೆಣಸಲು ಬಂದವನು ತಕ್ಕಡಿಯೇರಿದಾಗ ಆರೂವರೆ ಪೌಂಡ್ ಹೆಚ್ಚು ತೂಗಿದನು. ಪಟ್ಟ ಅಲ್ಲಿಯೇ ಕಳಚಿತು. ಸೋಜಿಗವೆಂದರೆ, ಪಂದ್ಯ ಮಾತ್ರ ನಡೆಯಿತು. ಹನ್ನೆರಡನೆಯ ಸುತ್ತಿನಲ್ಲಿ ಜೂರಿಚ್ ನೆಲ ಕಚ್ಚಿದನು! ಯಾರಿಂದಲೂ ಸೋಲದೆಯೇ ಲಿಂಚ್ ಕಿರೀಟ ಕಳೆದುಕೊಂಡನು. ಅಕ್ಟೋಬರಿನಲ್ಲಿ ರುಮೇನಿಯದ ಓರೆಲ್ ಟೋಮಾ ಅವನನ್ನು ಕೆಡವಿದನು. ಅಲ್ಲಿಗೆ, 25ನೆಯ ವಯಸ್ಸಿನಲ್ಲಿ, ಅವನ ವೃತ್ತಿಜೀವನ ಮುಗಿಯಿತು.

ಕುಡಿತ ಬಿಡಿಸಲೆಂದು ಹಿತೈಷಿಗಳು ಅವನನ್ನು ಐರ್ಲೆಂಡಿನ ಮೌಂಟ್ ಮೆಲರಿ ಮಠಕ್ಕೂ ಕಳುಹಿಸಿದ್ದರು. ಮೌನಕ್ಕೆ ಹೆಸರಾದ ಸಿಸ್ಟರ್ಸಿಯನ್ ಸನ್ಯಾಸಿಗಳ ನೆಲೆ ಅದು. ಆ ಪ್ರಯತ್ನವೂ ಫಲಿಸಲಿಲ್ಲ. ಲಿಂಚ್‌ಗೆ ಮನಸ್ಸು ಗಟ್ಟಿಯಿರಲಿಲ್ಲವೆಂದು ಹೇಳುವುದು ಸುಲಭ. ಬಿದ್ದಲ್ಲಿಂದ ಎದ್ದು ಗುದ್ದಿದವನ ವಿಷಯದಲ್ಲಿ ನಾನು ಆ ಮಾತನ್ನು ಒಪ್ಪಲಾರೆ. ಅದೊಂದು ಕಾಯಿಲೆ; ಮಠದ ಗೋಡೆ ದಾಟಿ ಹೊರಬಂದವನ ಜತೆಗೆ ನಡೆಯುವವರು ಬೇಕಿತ್ತು.

1946ರ ಆಗಸ್ಟ್ 6ರಂದು, ಅಪೌಷ್ಟಿಕತೆ ಮತ್ತು ನ್ಯುಮೋನಿಯಾದಿಂದ, 33ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಇಂದು ಬೆಳ್ತಂಗಡಿಯ ಕಡೆಯವರಿಗೆ ಮದ್ಯವರ್ಜನ ಶಿಬಿರ ಹೊಸತಲ್ಲ. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಹೆಸರೂ ನಮಗೆ ಪರಿಚಿತ. ಕುಡಿತ ಬಿಟ್ಟವರೇ ಬಿಡಬಯಸುವವರ ಕೈಹಿಡಿಯುವ ಈ ಕೂಟ ಅಮೆರಿಕದಲ್ಲಿ ಆರಂಭವಾದದ್ದು ಲಿಂಚ್ ಪಟ್ಟವೇರಿದ 1935ರಲ್ಲಿಯೇ. ಬ್ರಿಟನ್ನಿನಲ್ಲಿ ಅದರ ಮೊದಲ ಸಭೆ ಸೇರಿದ್ದು 1947ರಲ್ಲಿ, ಅವನು ಮಣ್ಣಾದ ಮರುವರ್ಷ.