ಹೆಚ್ಚು ಅಂಕ ಗಳಿಸುವ ಹುಡುಗ ಉತ್ತಮ ಸ್ಕೋರರ್ ಆಗಬಲ್ಲನೇ?

ಬಾಸ್ಕೆಟ್‌ಬಾಲ್ ಪಂದ್ಯ ಮುಗಿದ ಕೂಡಲೇ ನಾವೆಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾರು ಎಷ್ಟು ಅಂಕ ಗಳಿಸಿದರು? ಅಷ್ಟು ಅಂಕಕ್ಕೆ ಎಷ್ಟು ಬಾರಿ ಚೆಂಡು ಎಸೆದರು ಎಂದು ವಿಚಾರಿಸುವವರು ವಿರಳ. ಒಬ್ಬ ಹುಡುಗನ ಮುಂದಿನ ಆಟದ ಬಗ್ಗೆ ತೀರ್ಮಾನ ಮಾಡುವಾಗ ಈ ಎರಡನೆಯ ಪ್ರಶ್ನೆಯೇ ಮುಖ್ಯ ಎಂಬುದನ್ನು ಅಮೇರಿಕಾದ ಎನ್‌ಬಿಎ ಲೀಗಿನ ಎರಡು ಉದಾಹರಣೆಗಳಿಂದ ವಿವರಿಸಲು ಬಯಸುತ್ತೇವೆ.

ಮೊದಲು ಸ್ವಲ್ಪ ಲೆಕ್ಕ. ಒಬ್ಬ ಆಟಗಾರ 20 ಬಾರಿ ಚೆಂಡೆಸೆದು, ಫ್ರೀ ಥ್ರೋ ಇಲ್ಲದೆ 20 ಅಂಕ ಗಳಿಸಿದ ಎನ್ನೋಣ. ಇನ್ನೊಬ್ಬ 14 ಎಸೆತ ಹಾಗೂ 5 ಫ್ರೀ ಥ್ರೋಗಳಿಂದ ಅಷ್ಟೇ ಅಂಕ ಗಳಿಸಿದ. ಫಲಕದಲ್ಲಿ ಇಬ್ಬರೂ ಸಮಾನರು. ಆದರೆ 'ಟ್ರೂ ಶೂಟಿಂಗ್' ಎಂಬ ಅಳತೆಯಲ್ಲಿ ಪ್ರತಿ ಫ್ರೀ ಥ್ರೋವನ್ನು 0.44 ಎಸೆತವೆಂದು ಎಣಿಸಿ, ಅದನ್ನು ಎಸೆತಗಳಿಗೆ ಕೂಡಿಸಿ, ಆ ಮೊತ್ತದ ಎರಡು ಪಟ್ಟಿನಿಂದ ಅಂಕಗಳನ್ನು ಭಾಗಿಸುತ್ತಾರೆ. ಆಗ ಮೊದಲನೆಯವನಿಗೆ ಶೇಕಡಾ 50, ಎರಡನೆಯವನಿಗೆ ಸುಮಾರು 62 ಬರುತ್ತದೆ. ಮೊದಲನೆಯವನು ಹೆಚ್ಚಾಗಿ ಬಳಸಿದ ಎಸೆತಗಳು ಅವನ ಜೊತೆಗಾರರ ಪಾಲಿನವು ಎಂಬುದನ್ನು ಮರೆಯಬಾರದು.

ಆಂಟನಿ ಎಡ್ವರ್ಡ್ಸ್ ಅವರನ್ನು ಮಿನ್ನೆಸೋಟ ಟಿಂಬರ್‌ವುಲ್ವ್ಸ್ ತಂಡವು 2020ರ ನವೆಂಬರ್ 18ರಂದು ಮೊದಲ ಆಯ್ಕೆಯಾಗಿ ಪಡೆಯಿತು. ಆಗ ಅವರಿಗೆ 19 ವರ್ಷ. ಕೊರೋನಾದ ಕಾರಣ ಬೇಸಿಗೆಯ ಅಭ್ಯಾಸ ಲೀಗ್ ರದ್ದಾಗಿ, ಡಿಸೆಂಬರ್ 22ಕ್ಕೇ ಸೀಸನ್ ಆರಂಭವಾಯಿತು. ಆ ವರ್ಷ ಅವರು ಪಂದ್ಯಕ್ಕೆ ಸರಾಸರಿ 19.3 ಅಂಕ ಗಳಿಸಿದರೂ ಎಸೆದದ್ದರಲ್ಲಿ ಬುಟ್ಟಿಗೆ ಬಿದ್ದದ್ದು ಶೇಕಡಾ 41.7 ಮಾತ್ರ. ಮೂರಂಕದ ಎಸೆತದಲ್ಲಿ 32.9. ಟ್ರೂ ಶೂಟಿಂಗ್ ಸುಮಾರು 52. ಲೀಗಿನ ಸರಾಸರಿ 57ರ ಆಸುಪಾಸಿನಲ್ಲಿತ್ತು. ಅಂಕ ಬಹಳ, ಆದರೆ ದುಬಾರಿ.

ನಾಲ್ಕು ವರ್ಷಗಳ ನಂತರ, 2024-25ರಲ್ಲಿ, ಸರಾಸರಿ 27.6 ಅಂಕ, ಟ್ರೂ ಶೂಟಿಂಗ್ 59ಕ್ಕೂ ಮೇಲೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿನ ವರ್ಷ ಶೇಕಡಾ 46.1 ಇದ್ದ ಅವರ ಒಟ್ಟು ಎಸೆತದ ಯಶಸ್ಸು ಆ ವರ್ಷ 44.7ಕ್ಕೆ ಇಳಿದಿತ್ತು! ಇಳಿದರೂ ಲಾಭ ಹೆಚ್ಚಿತು. ಕಾರಣ, ಎರಡಂಕದ ದೂರದ ಎಸೆತಗಳನ್ನು ಕಡಿಮೆ ಮಾಡಿ ಪಂದ್ಯಕ್ಕೆ ಸುಮಾರು 10 ಬಾರಿ ಮೂರಂಕಕ್ಕೆ ಪ್ರಯತ್ನಿಸಿದರು ಮತ್ತು 39.5 ಶೇಕಡಾ ಯಶಸ್ವಿಯಾದರು. ಆ ಸೀಸನಿನಲ್ಲಿ ಅವರು ಹಾಕಿದ 320 ಮೂರಂಕಗಳು ಇಡೀ ಲೀಗಿನಲ್ಲೇ ಅತ್ಯಧಿಕ. ಮೊದಲ ವರ್ಷ 78ರ ಒಳಗಿದ್ದ ಫ್ರೀ ಥ್ರೋ ಕೂಡ 83 ದಾಟಿತು. ಅಂದರೆ ಬದಲಾದದ್ದು ಕೈಯೂ ಹೌದು, ಆಯ್ಕೆಯೂ ಹೌದು.

ಹಾಗಾದರೆ ಎಲ್ಲರೂ ಸುಧಾರಿಸುತ್ತಾರೆಯೇ? ಇಲ್ಲ. ಮಿಲ್ವಾಕಿ ಬಕ್ಸ್ ತಂಡದ ಬ್ರಾಂಡನ್ ಜೆನ್ನಿಂಗ್ಸ್ 2009ರ ನವೆಂಬರ್ 14ರಂದು, ತಮ್ಮ 20ನೇ ವಯಸ್ಸಿನಲ್ಲಿ, ಗೋಲ್ಡನ್ ಸ್ಟೇಟ್ ವಿರುದ್ಧ 55 ಅಂಕ ಗಳಿಸಿದರು. ಅಮೇರಿಕಾವೇ ಬೆರಗಾಯಿತು. ಆದರೆ ಆ ಸೀಸನಿನ ಕೊನೆಗೆ ಅವರ ಒಟ್ಟು ಯಶಸ್ಸು ಶೇಕಡಾ 37.1, ಮೂರಂಕದಲ್ಲಿ 37.4. ದೂರದಿಂದ ಎಸೆದಾಗಲೂ ಹತ್ತಿರದಿಂದ ಎಸೆದಾಗಲೂ ಹೆಚ್ಚುಕಡಿಮೆ ಒಂದೇ! ಫ್ರೀ ಥ್ರೋದಲ್ಲಿ ಶೇಕಡಾ 80ಕ್ಕೂ ಮೇಲಿದ್ದುದರಿಂದ ಕೈಯಲ್ಲಿ ದೋಷವಿರಲಿಲ್ಲ. ಹಗುರ ಮೈಕಟ್ಟಿನ ಆರಡಿಯ ಹುಡುಗನಿಗೆ ಬುಟ್ಟಿಯ ಬಳಿ ಎತ್ತರದ ರಕ್ಷಕರ ನಡುವೆ ಚೆಂಡು ಹಾಕುವುದೇ ಕಷ್ಟವಾಗಿತ್ತು. ಲೀಗಿನಲ್ಲಿ ಆಡಿದ ಒಂಬತ್ತು ಸೀಸನ್‌ಗಳಲ್ಲಿ ಒಮ್ಮೆಯೂ ಅವರು ಶೇಕಡಾ 42 ಮುಟ್ಟಲಿಲ್ಲ. 2015ರ ಜನವರಿಯಲ್ಲಾದ ಹಿಮ್ಮಡಿಯ ಸ್ನಾಯುರಜ್ಜುವಿನ ಗಾಯವೂ ಅವರನ್ನು ಹಿಂದಕ್ಕೆಳೆಯಿತು ನಿಜ, ಆದರೆ ಅಂಕಿಗಳು ಅದಕ್ಕೂ ಮೊದಲೇ ಹಾಗಿದ್ದವು.

ಎಸೆಯುವ ಶೈಲಿಯನ್ನು ತಿದ್ದಬಹುದು. ಕವಾಯ್ ಲೆನರ್ಡ್ ಕಾಲೇಜಿನ ಎರಡು ವರ್ಷಗಳಲ್ಲಿ ಮೂರಂಕಕ್ಕೆ ಎಸೆದದ್ದರಲ್ಲಿ ನಾಲ್ಕರಲ್ಲಿ ಒಂದನ್ನು ಮಾತ್ರ ಹಾಕಿದ್ದರು. ಸ್ಯಾನ್ ಆಂಟೋನಿಯೊ ತಂಡದಲ್ಲಿ ತರಬೇತುದಾರ ಚಿಪ್ ಎಂಗೆಲಾಂಡ್ ಅವರ ಕೈಕೆಳಗೆ ಪಳಗಿ 2015-16ರಲ್ಲಿ ಶೇಕಡಾ 44 ದಾಟಿದರು. ಮೈಕಟ್ಟು ಮತ್ತು ಬುಟ್ಟಿಯ ಬಳಿಯ ಸಾಮರ್ಥ್ಯ ಅಷ್ಟು ಸುಲಭವಾಗಿ ಬರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಎಡ್ವರ್ಡ್ಸ್‌ಗೆ ಅದು ಮೊದಲೇ ಇತ್ತು.

ಶಾಲಾ ತಂಡಗಳನ್ನು ನಡೆಸುವ ಶಿಕ್ಷಕರು ಇದಕ್ಕಾಗಿ ಕಂಪ್ಯೂಟರ್ ಹುಡುಕಬೇಕಾಗಿಲ್ಲ. ನೋಟು ಪುಸ್ತಕದಲ್ಲಿ ಅಂಕಣದ ಚಿತ್ರ ಬರೆದು, ಹುಡುಗ ಎಲ್ಲೆಲ್ಲಿಂದ ಎಸೆದ ಎಂದು ಗುರುತಿಸಿ, ಬಿದ್ದದ್ದಕ್ಕೆ ಸುತ್ತು ಹಾಕಿದರೆ ಸಾಕು. ಫ್ರೀ ಥ್ರೋ ಚೆನ್ನಾಗಿದ್ದು ಮೂರಂಕ ಬೀಳದಿದ್ದರೆ ಕಾಯಬಹುದು. ಬುಟ್ಟಿಯ ಕೆಳಗಿನ ಗುರುತುಗಳೇ ಸುತ್ತಿಲ್ಲದೆ ಖಾಲಿ ಉಳಿದಿದ್ದರೆ, ಅವನು ಅಂದು 30 ಅಂಕ ಗಳಿಸಿದ್ದರೂ, ಮರುದಿನದ ಅಭ್ಯಾಸ ಅಲ್ಲಿಂದಲೇ ಆರಂಭವಾಗಬೇಕು.