ಅಟ್ಟದ ಕೊಬ್ಬರಿ, ಅಂಗೈಯ ಹಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ಮನೆಗಳಲ್ಲಿ ಅಟ್ಟವೇ ಮನೆತನದ ಖಜಾನೆ. ತೋಟದಿಂದ ಬಂದ ಕಾಯಿ ಅಟ್ಟವೇರಿ, ಹತ್ತು ಹನ್ನೊಂದು ತಿಂಗಳು ಅಲ್ಲಿಯೇ ಉಳಿದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಅಲುಗಾಡತೊಡಗಿದಾಗ ಉಂಡೆ ಕೊಬ್ಬರಿ ಸಿದ್ಧವಾಗುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆಯನ್ನು ನಿಗದಿಪಡಿಸಿತ್ತು. ಆ ಲೆಕ್ಕದಲ್ಲಿ ಹತ್ತು ಕ್ವಿಂಟಲ್ ಕೊಟ್ಟ ಸಂಸಾರಕ್ಕೆ 1,20,000 ರೂಪಾಯಿ. ಮಗಳ ಮದುವೆ, ಮಗನ ಓದು, ಕೊಳವೆ ಬಾವಿಯ ಸಾಲ, ವರ್ಷದ ದಿನಸಿ, ಎಲ್ಲವೂ ಆ ಒಂದು ಗಂಟಿನೊಳಗೇ ಅಡಗಿರುತ್ತವೆ.

ಹಿಂದೆ ಈ ಹಣ ಮಂಡಿಯಲ್ಲಿ ಎಣಿಸಿ ಕೈಗೆ ಬರುತ್ತಿತ್ತು. ಹಿರಿಯರು ಅದನ್ನು ಪಂಚೆಯ ಒಳಮಡಿಕೆಯಲ್ಲಿ ಕಟ್ಟಿಕೊಂಡು, ಬಸ್ಸಿನಲ್ಲಿ ಕೈಯಿಟ್ಟು ಕಾಯ್ದುಕೊಂಡು ಮನೆ ಸೇರುತ್ತಿದ್ದರು. ಈಗ ಅದು ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯು ಅಂಗೈಯಲ್ಲಿರುವ ದೂರವಾಣಿಯೊಡನೆ ಜೋಡಣೆಯಾಗಿರುತ್ತದೆ. ಯುಪಿಐ ಮೂಲಕ ಸಾಮಾನ್ಯವಾಗಿ ದಿನವೊಂದಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಹಣ ಕಳುಹಿಸಬಹುದು. ಎಂದರೆ, ಅಟ್ಟದಲ್ಲಿ ಒಂದು ವರ್ಷ ಕಾದು ಗಳಿಸಿದ್ದು ಒಂದು ಕಾಯಿ ಸುಲಿಯುವಷ್ಟು ಹೊತ್ತಿನಲ್ಲಿ ಕೈಬಿಟ್ಟು ಹೋಗಬಹುದು. ನೊಣವಿನಕೆರೆಯಂತಹ ಹೋಬಳಿ ಕೇಂದ್ರದ ಪ್ರತಿಯೊಂದು ಕುಟುಂಬವೂ ಈ ಜೋಡಣೆಯ ಮರ್ಮವನ್ನು ಅರಿತಿರುವುದು ಅತ್ಯಗತ್ಯ.

ಬಳಸಲು ಹೆದರಬೇಕೆಂದು ಇದರ ಅರ್ಥವಲ್ಲ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ರೂಪಿಸಿದ ಯುಪಿಐ ವ್ಯವಸ್ಥೆ 2016ರ ಏಪ್ರಿಲ್ 11ರಂದು ಪ್ರಾರಂಭವಾಯಿತು. ಅದೇ ವರ್ಷದ ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಿಡುಗಡೆಯಾಯಿತು. ಇಂದು ಹೂವು ಮಾರುವ ತಾಯಿಯಿಂದ ಹಿಡಿದು ಗೊಬ್ಬರದ ಅಂಗಡಿಯವರೆಗೆ ಎಲ್ಲರೂ ಇದನ್ನು ಬಳಸುತ್ತಾರೆ. ವ್ಯವಸ್ಥೆಯ ಬೀಗ ಭದ್ರವಾಗಿಯೇ ಇದೆ. ಬಹುಪಾಲು ವಂಚನೆಗಳಲ್ಲಿ ಬೀಗದ ಕೈಯನ್ನು ನಾವೇ ಅರಿಯದೆ ಕೊಟ್ಟಿರುತ್ತೇವೆ ಎಂಬುದನ್ನು ಮನಗಾಣಬೇಕು.

ಜೋಡಣೆ ಎಂದರೆ ಯಾವ ಜೋಡಣೆ?

ವಂಚಕನಿಗೆ ಮೊದಲ ಅನುಕೂಲ ದೊರೆಯುವುದು ಒಂದು ಪದದ ಗೊಂದಲದಿಂದ. ನಮ್ಮ ಮನೆಗಳಲ್ಲಿ ‘ಲಿಂಕ್ ಮಾಡಿಸುವುದು’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ಕೆಲಸಗಳಿಗೆ ಬಳಕೆಯಾಗುತ್ತಿದೆ.

ಮೊದಲನೆಯದು, ಬ್ಯಾಂಕ್ ಖಾತೆಗೆ ಮೊಬೈಲ್ ಸಂಖ್ಯೆಯನ್ನು ನೋಂದಾಯಿಸುವುದು. ಎರಡನೆಯದು, ಖಾತೆಗೆ ಆಧಾರ್ ಜೋಡಿಸುವುದು. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಹಣವಾಗಲಿ, ಕಿಸಾನ್ ಸಮ್ಮಾನ್ ನಿಧಿಯಾಗಲಿ ಖಾತೆಗೆ ಬರಲು ಈ ಜೋಡಣೆ ಬೇಕು. ಮೂರನೆಯದು, ಖಾತೆಯನ್ನು ಪಾವತಿ ಆ್ಯಪಿಗೆ ಸೇರಿಸುವುದು. ಮೊದಲ ಎರಡನ್ನು ಬ್ಯಾಂಕಿನ ಶಾಖೆಯಲ್ಲಿ, ಅರ್ಜಿ ಕೊಟ್ಟು ಮಾಡಿಸಿಕೊಳ್ಳುವುದೇ ಲೇಸು. ಮೂರನೆಯದನ್ನು ನಮ್ಮ ದೂರವಾಣಿಯಲ್ಲಿ ನಾವೇ ಮಾಡಿಕೊಳ್ಳಬೇಕು. ‘ನಿಮ್ಮ ಯೋಜನೆಯ ಹಣ ನಿಂತಿದೆ, ಲಿಂಕ್ ಮಾಡಿಕೊಡುತ್ತೇನೆ, ಮೊಬೈಲಿಗೆ ಬಂದ ಸಂಖ್ಯೆ ಹೇಳಿ’ ಎಂದು ಕರೆ ಬಂದರೆ ಅದು ಮೋಸವೆಂದು ನಿಸ್ಸಂದೇಹವಾಗಿ ತಿಳಿಯಬಹುದು. ಈ ಮೂರರಲ್ಲಿ ಯಾವೊಂದು ಜೋಡಣೆಗೂ ಗುಪ್ತಸಂಖ್ಯೆಯನ್ನು ಪರರಿಗೆ ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ.

ಬ್ಯಾಂಕುಗಳ ವಿಲೀನವೂ ಇಂತಹ ಕರೆಗಳಿಗೆ ನೆಪವಾಗುತ್ತದೆ. 1913ರಲ್ಲಿ ಸ್ಥಾಪನೆಗೊಂಡು ‘ಮೈಸೂರು ಬ್ಯಾಂಕ್’ ಎಂದೇ ಮನೆಮಾತಾಗಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೂ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೂ ಸೇರಿದವು. ಹಳೆಯ ಪಾಸ್ ಪುಸ್ತಕವನ್ನೇ ಇಟ್ಟುಕೊಂಡಿರುವ ಹಿರಿಯರು ಆ್ಯಪಿನ ಪಟ್ಟಿಯಲ್ಲಿ ಬ್ಯಾಂಕಿನ ಈಗಿನ ಹೆಸರನ್ನು ಹುಡುಕಬೇಕು. ಸಂಶಯವಿದ್ದರೆ ಶಾಖೆಗೇ ಹೋಗಿ ಕೇಳಬೇಕು.

ಸ್ವಹಸ್ತದ ಕೆಲಸ

ಖಾತೆಯನ್ನು ಆ್ಯಪಿಗೆ ಸೇರಿಸುವ ಕ್ರಮ ಹೀಗಿದೆ. ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆಯ ಸಿಮ್ ಅದೇ ದೂರವಾಣಿಯಲ್ಲಿರಬೇಕು. ಆ್ಯಪನ್ನು ದೂರವಾಣಿಯ ಅಧಿಕೃತ ಆ್ಯಪ್ ಮಳಿಗೆಯಿಂದಲೇ ಪಡೆಯಬೇಕು. ತೆರೆದೊಡನೆ ಆ್ಯಪು ಆ ಸಿಮ್ಮಿನಿಂದ ತಾನೇ ಒಂದು ಸಂದೇಶ ಕಳುಹಿಸಿ, ಸಂಖ್ಯೆ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳುತ್ತದೆ. ಬ್ಯಾಂಕಿನ ಹೆಸರನ್ನು ಆರಿಸಿದರೆ ಆ ಸಂಖ್ಯೆಯ ಖಾತೆಗಳು ಕಾಣುತ್ತವೆ. ಬೇಕಾದುದನ್ನು ಆರಿಸಿ, ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಹಾಗೂ ಅವಧಿಯನ್ನು ನಮೂದಿಸಿ, ಇಲ್ಲವೇ ಆಧಾರ್ ಮೂಲಕ, ನಾಲ್ಕು ಅಥವಾ ಆರು ಅಂಕಿಗಳ ಯುಪಿಐ ಪಿನ್ ಇಟ್ಟುಕೊಳ್ಳಬೇಕು.

ಈ ಕ್ರಮವನ್ನು ತಿಳಿದವರಿಗೆ ಮೋಸದ ದಾರಿಯೂ ತಿಳಿಯುತ್ತದೆ. ‘ಈ ಸಂದೇಶವನ್ನು ಇಂತಹ ಸಂಖ್ಯೆಗೆ ಕಳುಹಿಸಿ’ ಎಂದು ಅಪರಿಚಿತನು ಹೇಳಿದರೆ, ಅವನು ನಿಮ್ಮ ಸಂಖ್ಯೆಯನ್ನು ತನ್ನ ದೂರವಾಣಿಯಲ್ಲಿ ನೋಂದಾಯಿಸಲು ಹವಣಿಸುತ್ತಿರಬಹುದು. ವಾಟ್ಸಾಪಿನಲ್ಲಿ ಸರ್ಕಾರಿ ಯೋಜನೆಯ ಹೆಸರು ಹೊತ್ತು ಬರುವ ‘ಎಪಿಕೆ’ ಕಡತವನ್ನು ಮುಟ್ಟಿದರೆ, ನಿಮಗೆ ಬರುವ ಸಂದೇಶಗಳೆಲ್ಲ ವಂಚಕನ ಕಣ್ಣಿಗೂ ಬೀಳಬಹುದು. ದೂರವಾಣಿಯ ಪರದೆಯನ್ನು ಹಂಚಿಕೊಳ್ಳುವ ಆ್ಯಪು ಹಾಕಿಸಿಕೊಂಡರೆ, ನೀವು ಒತ್ತುವುದನ್ನೆಲ್ಲ ಅವನು ದೂರದಿಂದಲೇ ನೋಡುತ್ತಾನೆ. ಬ್ಯಾಂಕಿನ ಸಹಾಯವಾಣಿಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕುವ ಬದಲು ಪಾಸ್ ಪುಸ್ತಕದಲ್ಲಿಯೋ ಕಾರ್ಡಿನ ಹಿಂಬದಿಯಲ್ಲಿಯೋ ನೋಡಿಕೊಳ್ಳುವುದು ಕ್ಷೇಮ.

ಕೊಬ್ಬರಿಯ ಖಾತೆ ಬೇರೆ, ಸಂತೆಯ ಖಾತೆ ಬೇರೆ

ಈ ಲೇಖನದ ಮುಖ್ಯ ಮಾತು ಇದೇ. ಕೊಬ್ಬರಿಯ ಹಣ ಬರುವ ಖಾತೆಯನ್ನು ಪಾವತಿ ಆ್ಯಪಿಗೆ ಸೇರಿಸಬೇಡಿ. ಅದೇ ಬ್ಯಾಂಕಿನಲ್ಲಾಗಲಿ ಬೇರೆ ಬ್ಯಾಂಕಿನಲ್ಲಾಗಲಿ ಇನ್ನೊಂದು ಉಳಿತಾಯ ಖಾತೆಯನ್ನು ತೆರೆದು, ತಿಂಗಳ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಅದರಲ್ಲಿಟ್ಟು, ಅದನ್ನೇ ಜೋಡಿಸಿಕೊಳ್ಳಿ. ದೊಡ್ಡ ಖಾತೆಯ ಡೆಬಿಟ್ ಕಾರ್ಡು ಮನೆಯ ಬೀರುವಿನಲ್ಲಿಯೇ ಇರಲಿ. ಸಂತೆಗೆ ಹೊರಡುವಾಗ ನಮ್ಮ ಅಜ್ಜಿಯರು ಎಲೆಯಡಿಕೆ ಚೀಲದಲ್ಲಿ ಆ ದಿನದ ದುಡ್ಡನ್ನಷ್ಟೇ ಇಟ್ಟುಕೊಳ್ಳುತ್ತಿದ್ದರು. ಪೆಟ್ಟಿಗೆಯ ಹಣವನ್ನೆಲ್ಲ ಹೊತ್ತು ನಡೆಯುತ್ತಿರಲಿಲ್ಲ. ಎಚ್ಚರ ತಪ್ಪುವುದು ಮನುಷ್ಯ ಸಹಜ. ತಪ್ಪಿದ ದಿನ ಹೋಗುವುದು ಸಂತೆಯ ದುಡ್ಡಾಗಲಿ, ವರ್ಷದ ಫಸಲಾಗದಿರಲಿ.

ಎರಡನೆಯ ನಿಯಮ ಇನ್ನೂ ಸರಳ. ಪಿನ್ ಒತ್ತುವುದು ಹಣ ಕೊಡಲು ಅಥವಾ ಖಾತೆಯಲ್ಲಿನ ಶಿಲ್ಕನ್ನು ನೋಡಲು. ಹಣ ಪಡೆಯಲು ಪಿನ್ ಬೇಕಿಲ್ಲ. ‘ನಿಮ್ಮ ತೋಟದ ಕಾಯಿಯನ್ನೆಲ್ಲ ಕೊಳ್ಳುತ್ತೇನೆ, ಮುಂಗಡ ಕಳುಹಿಸಿದ್ದೇನೆ, ಈ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಸೇರುತ್ತದೆ’ ಎಂದು ಯಾರಾದರೂ ಹೇಳಿದರೆ, ಸೇರುವುದು ಅವನಿಗೆ. ಹಣ ಕೇಳುವ ಕೋರಿಕೆಯನ್ನು ಕಳುಹಿಸಿ ಜನರನ್ನು ವಂಚಿಸುವ ಪ್ರಕರಣಗಳು ಹೆಚ್ಚಿದ ಕಾರಣ, ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಅಂತಹ ಕೋರಿಕೆಯ ಸೌಲಭ್ಯವನ್ನು ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಒಂದು ದಾರಿ ಮುಚ್ಚಿದರೂ ಕ್ಯೂಆರ್ ಚಿತ್ರದ ದಾರಿ ತೆರೆದೇ ಇದೆ.

ಕಾಣಿಕೆ ಸಲ್ಲಿಸುವಾಗಲೂ ಇದೇ ಜಾಗರೂಕತೆ ಇರಲಿ. 2023ರ ಡಿಸೆಂಬರ್ ಕೊನೆಯಲ್ಲಿ ಅಯೋಧ್ಯೆಯ ಮಂದಿರದ ಹೆಸರಿನಲ್ಲಿ ನಕಲಿ ಕ್ಯೂಆರ್ ಚಿತ್ರಗಳು ಹರಿದಾಡುತ್ತಿವೆಯೆಂದು ವಿಶ್ವ ಹಿಂದೂ ಪರಿಷತ್ತು ಭಕ್ತರನ್ನು ಎಚ್ಚರಿಸಬೇಕಾಯಿತು. ಭಕ್ತಿಯನ್ನೇ ಬಂಡವಾಳ ಮಾಡಿಕೊಳ್ಳುವವರಿದ್ದಾರೆ. ಜಾತ್ರೆಗೋ ದಾಸೋಹಕ್ಕೋ ಹಣ ಕಳುಹಿಸುವ ಮುನ್ನ ಪರದೆಯ ಮೇಲೆ ಕಾಣುವ ಹೆಸರನ್ನು ಓದಬೇಕು. ಬ್ಯಾಂಕಿನ ದಾಖಲೆಯಲ್ಲಿರುವ ನಿಜ ಹೆಸರನ್ನೇ ತೋರಿಸಬೇಕೆಂಬ ನಿಯಮ 2025ರ ಜೂನ್ 30ರೊಳಗೆ ಜಾರಿಯಾಗಬೇಕೆಂದು ನಿಗಮವು ಆದೇಶಿಸಿತು. ಸಂಸ್ಥೆಯ ಹೆಸರಿರಬೇಕಾದಲ್ಲಿ ಯಾವುದೋ ಅಪರಿಚಿತನ ಹೆಸರು ಕಂಡರೆ ಕೈ ಹಿಂತೆಗೆಯಿರಿ.

ಮನೆಯೊಳಗಿನ ಶಿಸ್ತು

ಅನೇಕ ಮನೆಗಳಲ್ಲಿ ಅಜ್ಜನ ಪಿನ್ ಮೊಮ್ಮಗನಿಗೆ ಗೊತ್ತು, ತಾಯಿಯ ಪಿನ್ ಮೊಬೈಲ್ ಅಂಗಡಿಯ ಹುಡುಗನಿಗೆ ಗೊತ್ತು. ಪ್ರೀತಿ ವಿಶ್ವಾಸಗಳಿಗೆ ಇದು ಅಳತೆಗೋಲಲ್ಲ. ಮಗನಾದವನು ಹಿರಿಯರ ಪಕ್ಕದಲ್ಲಿ ಕುಳಿತು ದಾರಿ ತೋರಿಸಲಿ; ಪಿನ್ನನ್ನು ಮಾತ್ರ ಅವರೇ ಒತ್ತಲಿ. ಜನ್ಮ ವರ್ಷ, ವಾಹನದ ಸಂಖ್ಯೆಗಳನ್ನು ಪಿನ್ ಮಾಡಿಕೊಳ್ಳಬಾರದು. ಮಕ್ಕಳ ಖರ್ಚಿಗೆಂದು ತಂದೆಯ ಪಿನ್ ಹೇಳಿಕೊಡುವ ಅಗತ್ಯವೂ ಈಗಿಲ್ಲ. 2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ಏರ್ಪಾಡಿನಲ್ಲಿ, ಖಾತೆದಾರರು ಮನೆಯವರೊಬ್ಬರಿಗೆ ಮಿತಿಯಿಟ್ಟು, ತಿಂಗಳಿಗೆ ಹೆಚ್ಚೆಂದರೆ 15,000 ರೂಪಾಯಿಯವರೆಗೆ ಖರ್ಚು ಮಾಡಲು ಅನುಮತಿ ಕೊಡಬಹುದು. ಗುಂಡಿಯೊತ್ತುವ ಸಾದಾ ಫೋನ್ ಇರುವ ಹಿರಿಯರಿಗಾಗಿ 2022ರ ಮಾರ್ಚ್ 8ರಂದು ಯುಪಿಐ 123ಪೇ ಸೇವೆ ಆರಂಭವಾಯಿತು.

ಮೋಸವಾದರೆ

ನಾಚಿಕೆಯಿಂದ ಮುಚ್ಚಿಡುವುದೇ ದೊಡ್ಡ ತಪ್ಪು. ಹಣ ಹೋಯಿತೆಂದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಇದು ಸೈಬರ್ ವಂಚನೆಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಹಣವು ವಂಚಕನ ಖಾತೆಯಿಂದ ಮುಂದಕ್ಕೆ ಜಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿಯೇ. ಜೊತೆಗೇ ಬ್ಯಾಂಕಿಗೆ ತಿಳಿಸಿ, ಖಾತೆಯನ್ನು ತಡೆಹಿಡಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಗ್ರಾಹಕರ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲವೆಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಆದರೆ ಪಿನ್ನನ್ನು ನಾವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ದೂರಿಗೆ ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಲ್ಲಿ ಶುಲ್ಕವಿಲ್ಲದೆ ಮೊರೆಯಿಡಬಹುದು. ದೂರವಾಣಿಯೇ ಕಳೆದುಹೋದರೆ ಮೊದಲು ಸಿಮ್ ನಿಲ್ಲಿಸಿ, ಬಳಿಕ ಬ್ಯಾಂಕಿಗೆ ತಿಳಿಸಬೇಕು.

ಅಟ್ಟದ ಕಾಯಿಗೆ ಇಲಿ ಹತ್ತದಂತೆ, ಮಳೆ ನೀರು ಸೋರದಂತೆ ವರ್ಷವಿಡೀ ಕಣ್ಣಿಡುವವರು ನಾವು. ಆ ಕಾಯಿಯೇ ಹಣವಾಗಿ ಖಾತೆ ಸೇರಿದ ಮೇಲೆ ಕಾವಲು ಸಡಿಲಿಸುವುದು ಸಲ್ಲದು. ಈ ತಿಂಗಳು ಒಂದು ಸಂಜೆ ಮನೆಯವರೆಲ್ಲ ಕೂಡಿ ಕುಳಿತು, ಯಾವ ಖಾತೆ ಯಾರ ದೂರವಾಣಿಗೆ ಜೋಡಣೆಯಾಗಿದೆಯೆಂದು ನೋಡಿಕೊಳ್ಳಿ. 1930 ಎಂಬ ಸಂಖ್ಯೆಯನ್ನು ಗೋಡೆಯ ಪಂಚಾಂಗದ ಮೇಲೆ ದೊಡ್ಡದಾಗಿ ಬರೆದಿಡಿ. ಕಷ್ಟಪಟ್ಟು ದುಡಿದ ಹಣ ಮನೆಮಂದಿಯ ಒಳಿತಿಗೇ ಸಲ್ಲಲಿ.