ಕಂಬದ ಮೇಲಿನ ತಪಸ್ವಿ, ಬೆನ್ನು ಬಿಡದ ಸೈತಾನ

ಐದನೇ ಶತಮಾನದಲ್ಲಿ ಸಿರಿಯಾದ ಅಲೆಪ್ಪೊ ಬಳಿ ಸಿಮಿಯೋನ್ ಎಂಬ ಕ್ರೈಸ್ತ ತಪಸ್ವಿ ಎತ್ತರದ ಕಂಬವೇರಿ, ಮೂರು ದಶಕಗಳಿಗೂ ಹೆಚ್ಚು ಕಾಲ ಅದರ ಮೇಲೆಯೇ ಬದುಕಿದ. ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದ, ಮುಂದೆ ಚಿತ್ರನಿರ್ದೇಶಕನಾದ ಲೂಯಿಸ್ ಬುನ್ಯುಯೆಲ್‌ಗೆ ಈ ಸಂತನ ಕಥೆಯ ರುಚಿ ಹತ್ತಿಸಿದವನು ಗೆಳೆಯ, ಕವಿ ಲೋರ್ಕಾ. ದಶಕಗಳ ನಂತರ, 1965ರಲ್ಲಿ, ಆ ಕಥೆ ಮೆಕ್ಸಿಕೋದಲ್ಲಿ ಅವನ 'ಸೈಮನ್ ಆಫ್ ದ ಡೆಸರ್ಟ್' ಎಂಬ ಸಿನಿಮಾ ಆಯಿತು.

ಬುನ್ಯುಯೆಲ್ ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ ಕಲಿತವನು. ನಂಬಿಕೆ ಕಳೆದುಕೊಂಡರೂ ಧರ್ಮದ ಬಿಂಬಗಳು ಅವನನ್ನು ಬಿಡಲಿಲ್ಲ. ಹುಟ್ಟೂರು ಕಲಾಂಡಾದಲ್ಲಿ ಗುಡ್ ಫ್ರೈಡೇ ದಿನ ಮೊಳಗುವ ಡೋಲುಗಳ ಸದ್ದು ಈ ಚಿತ್ರದಲ್ಲೂ ಕೇಳಿಸುತ್ತದೆ.

ಸಿಮಿಯೋನ್‌ನ ಕಥೆಯಿಂದ ಮೂಡಿದ, ಕ್ಲಾಡಿಯೊ ಬ್ರೂಕ್ ಅಭಿನಯದ ಸೈಮನ್ ನಿಜವಾದ ಭಕ್ತ. ಅವನ ನಿಷ್ಠೆಯನ್ನು ನಿರ್ದೇಶಕ ಎಲ್ಲಿಯೂ ಹಗುರ ಮಾಡುವುದಿಲ್ಲ. ಕೈ ಕಳೆದುಕೊಂಡಿದ್ದ ಕಳ್ಳನೊಬ್ಬನಿಗೆ ಸೈಮನ್‌ನ ಪ್ರಾರ್ಥನೆಯಿಂದ ಕೈಗಳು ಮರಳುತ್ತವೆ. ಆ ಕಳ್ಳ ಹೊಸ ಕೈಯಿಂದ ತನ್ನ ಮಗಳಿಗೇ ಹೊಡೆಯುತ್ತಾನೆ. ನೆರೆದ ಜನ ಪವಾಡವನ್ನು ನೋಡಿ, ಏನೂ ಆಗಿಲ್ಲವೆಂಬಂತೆ ಮನೆಗೆ ಹೊರಡುತ್ತಾರೆ. ಸಂತನ ತಪಸ್ಸು ಅವನನ್ನು ಎತ್ತರಕ್ಕೆ ಒಯ್ದೀತು, ಕೆಳಗಿರುವವರನ್ನು ಬದಲಿಸೀತೇ? ಸೈತಾನನ ಆಮಿಷಗಳಿಗಿಂತ ಕಠಿಣವಾದ ಈ ಪ್ರಶ್ನೆಯೇ ಚಿತ್ರದ ತಿರುಳು.

ಸೈತಾನನ ಪಾತ್ರ ಸಿಲ್ವಿಯಾ ಪಿನಾಲ್‌ಳದು. ಒಮ್ಮೆ ಶಾಲಾ ಬಾಲೆಯ ಉಡುಪು, ಇನ್ನೊಮ್ಮೆ ಗಡ್ಡ ಅಂಟಿಸಿಕೊಂಡು ಕುರಿಮರಿ ಹಿಡಿದ ಕುರುಬನ ವೇಷ. ಮರಳಿನ ಮೇಲೆ ತಾನಾಗಿ ಜಾರಿಬರುವ ಶವಪೆಟ್ಟಿಗೆಯಿಂದಲೂ ಅವಳು ಎದ್ದು ಬರುತ್ತಾಳೆ. ಛಾಯಾಗ್ರಾಹಕ ಗೇಬ್ರಿಯಲ್ ಫಿಗೆರೋವಾ ಇದನ್ನೆಲ್ಲ ಕಪ್ಪು-ಬಿಳುಪಿನಲ್ಲಿ ಕಣ್ಣೆದುರಿನ ವಾಸ್ತವದಷ್ಟೇ ಸ್ಪಷ್ಟವಾಗಿ ತೋರಿಸುತ್ತಾನೆ. ದೆವ್ವ ರೂಪ ಬದಲಿಸಿ ಬರುವುದು ಸಂತರ ಕಥೆಗಳಲ್ಲಿ ಹಳೆಯ ಸಂಗತಿಯೇ. ಅತಿವಾಸ್ತವವಾದಿ ಬುನ್ಯುಯೆಲ್‌ನ ಕನಸಿನ ಭಾಷೆಗೆ ಅಲ್ಲಿ ನೆಲೆ ಮೊದಲೇ ಸಿದ್ಧವಾಗಿತ್ತು.

ಕೊನೆಯಲ್ಲಿ ಮರುಭೂಮಿಯ ಆಕಾಶದಲ್ಲಿ ವಿಮಾನ ಹಾರುತ್ತದೆ. ಮರುಗಳಿಗೆ ಸೈಮನ್ ನ್ಯೂಯಾರ್ಕ್‌ನ ನೈಟ್‌ಕ್ಲಬ್ಬಿನಲ್ಲಿ ಪೈಪ್ ಹಿಡಿದು ಕೂತಿದ್ದಾನೆ. ಸುತ್ತ ಯುವಜನರ ಕುಣಿತ. ಅವನಿಗೆ ಮನೆಗೆ ಮರಳಬೇಕು, ಆದರೆ ಕಂಬಕ್ಕೆ ಬೇರೊಬ್ಬ ಬಂದಾಗಿದೆ ಎನ್ನುತ್ತಾಳೆ ಸೈತಾನಿ.

ಹಣ ಸಾಲದೆ ಚಿತ್ರ 45 ನಿಮಿಷಕ್ಕೇ ನಿಂತಿತು. ಆದರೂ ವೆನಿಸ್ ಚಿತ್ರೋತ್ಸವದ ವಿಶೇಷ ಜ್ಯೂರಿ ಪ್ರಶಸ್ತಿ ಅದಕ್ಕೆ ಸಂದಿತು. ಅವಸರದ ಅಂತ್ಯದ ಕೊರತೆ ಎದ್ದು ಕಾಣುವುದು ನಿಜ. ಆದರೆ ಭಕ್ತಿಯನ್ನು ಪೂಜಿಸದೆ, ಹೀಯಾಳಿಸದೆ ಇಷ್ಟು ನೇರವಾಗಿ ಪರೀಕ್ಷಿಸಿದ ಸಿನಿಮಾಗಳು ವಿರಳ. ಆಸ್ತಿಕರೂ ನಾಸ್ತಿಕರೂ ಒಟ್ಟಿಗೆ ಕೂತು ನೋಡಿ ಚರ್ಚಿಸಬೇಕಾದ ಚಿತ್ರವಿದು.